ಹದಿನಾಲ್ಕನೇ ಟ್ಯೂಬು

ನೀಲಿ, ಎಷ್ಟು ಬೇಗ ಬಂತು ನೀಲಿ, ಮೂರು ಹನಿ ಪೆರಾಕ್ಸೈಡ್ ಬಿದ್ದು ನಾಲ್ಕನೆಯದು ಡ್ರಾಪರಿನ ತುದಿಯಲ್ಲಿ ಇನ್ನೂ ನೇತಾಡುತ್ತಿರುವಾಗಲೇ ಬಂದುಬಿಟ್ಟಿತಲ್ಲ, ರೊಸಾಲಿನ್ ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ, ಒಂದು ಕಣ್ಣು ಕೆಳಗಿನ ಸ್ಲೈಡಿನಲ್ಲಿ, ಇನ್ನೊಂದು ಆಚೆ ಮೇಜಿನ ಸ್ಟ್ಯಾಂಡಿನಲ್ಲಿ, ಎರಡು ಕಣ್ಣಿಗೂ ಬೇರೆ ಬೇರೆ ಕೆಲಸ ಕೊಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ — ಮೊದಲು ತೆಳು ಹಸಿರು, ಮತ್ತೆ ನವಿಲಿನ ಕುತ್ತಿಗೆಯ ಬಣ್ಣ, ಮತ್ತೆ ಶಾಯಿ, ಹದಿನಾಲ್ಕನೇ ಟ್ಯೂಬು ತಳದವರೆಗೆ ಶಾಯಿ. ಡ್ರಾಪರ್ ಹಿಡಿದಿದ್ದ ಸ್ವರ್ಣಲತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ರೊಸಾಲಿನ್ ಬಾಯಿ, ಇದೆಂತ ಮಾರಾಯ್ರೆ, ರಕ್ತ ಇಷ್ಟು ಸ್ಟ್ರಾಂಗ್ ಪಾಸಿಟಿವ್, ಈ ಎಸ್ತೆರ್ ಯಾರು, ಚೀಟಿಯಲ್ಲಿ ವಾರ್ಡ್ ನಂಬರೇ ಇಲ್ಲ. ಇರುವುದಾದರೂ ಹೇಗೆ, ಎಸ್ತೆರ್ ಯಾವ ವಾರ್ಡಿನಲ್ಲೂ ಇಲ್ಲ, ಎಸ್ತೆರ್ ಎಂದರೆ ರೊಸಾಲಿನಳ ತಾಯಿ, ತೀರಿಹೋಗಿ ಹತ್ತು ವರ್ಷ, ಬೆಳಿಗ್ಗೆ ಲ್ಯಾಬಿನ ಹಿಂದಿನ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ತನ್ನದೇ ಮೂತ್ರವನ್ನು ಬಾಟಲಿಗೆ ಹಿಡಿದು ಚೀಟಿ ಬರೆಯಲು ಹೊರಟಾಗ ಕೈಗೆ ಬೇರೆ ಯಾವ ಹೆಸರೂ ಬರಲಿಲ್ಲ, ಎಸ್ತೆರ್, ಹೆಣ್ಣು, ನಲವತ್ತನಾಲ್ಕು. ಹೆಸರು ಅಮ್ಮನದು, ಪ್ರಾಯ ತನ್ನದು. ಮೊನ್ನೆ ಮೊದಲ ಸಲ ಕೆಂಪು ಕಂಡಾಗ ಬೀಟ್‌ರೂಟ್ ಎಂದುಕೊಂಡಿದ್ದಳು, ಅತ್ತಿಗೆ ಭಾನುವಾರ ಬೀಟ್‌ರೂಟ್ ಪಲ್ಯ ಮಾಡಿದ್ದು ಹೌದಲ್ಲವಾ, ನಿನ್ನೆ ಉಷ್ಣ ಎಂದುಕೊಂಡು ಬೊಂಡದ ಎಳನೀರು ಕುಡಿದಳು, ಇವತ್ತು ಬಿಳಿ ಪಿಂಗಾಣಿಯ ಮೇಲೆ ಅದು ಎಳೆ ಎಳೆಯಾಗಿ ಇಳಿದದ್ದನ್ನು ನೋಡಿದ ಮೇಲೆ ಏನೂ ಎಂದುಕೊಳ್ಳಲಾಗಲಿಲ್ಲ. ನೋವು ಇಲ್ಲ, ಉರಿ ಇಲ್ಲ, ಅದೇ ಹೆದರಿಕೆ — ಕಲ್ಲಾದರೆ ನೋವು ಇರಬೇಕು, ಸೋಂಕಾದರೆ ಉರಿ ಇರಬೇಕು, ನೋವಿಲ್ಲದೆ ಬರುವ ರಕ್ತ ಎಂತದ್ದು ಎಂದು ಲ್ಯಾಬಿನವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರೆದಿಡು, ಪಾಸಿಟಿವ್ ಫೋರ್ ಪ್ಲಸ್, ವಾರ್ಡ್ ನಾನು ಕೇಳ್ತೇನೆ ಎಂದಳು, ದನಿ ಮಾಮೂಲಿಯೇ ಬಂತು, ಅಷ್ಟು ಮಾಮೂಲಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಆಚೆ ಸ್ಟೇಷನ್ನಿನಲ್ಲಿ ಎಂಜಿನ್ ಉಸಿರು ಬಿಡುತ್ತಿದೆ, ಅತ್ತಾವರದ ಆಸ್ಪತ್ರೆಯ ಈ ಕಿಟಕಿಗೆ ಬೆಳಿಗ್ಗಿನಿಂದ ಸಂಜೆವರೆಗೆ ಅದೇ ಸದ್ದು, ಮೊದಲ ದಿನವೂ ಇದೇ ಸದ್ದಿತ್ತು, ಅರುವತ್ತೊಂದನೇ ಇಸವಿ, ಜೂನ್, ಡಿಗ್ರಿ ಮುಗಿಸಿ ಬಿಳಿ ಕೋಟಿನ ತೋಳು ಮಡಚಿಕೊಂಡು ನಿಂತಿದ್ದ ರೊಸಾಲಿನಳನ್ನು ಹಿರಿಯ ಟೆಕ್ನೀಷಿಯನ್ ವಿಲ್ಲಿ ಕರೆದಿದ್ದ, ಹಾಂಗಾ ಪಳೆ ಬಾಯೆ, ಇಲ್ಲಿ ನೋಡು, ನಿನಗೊಂದು ಜಾದೂ ತೋರಿಸ್ತೇನೆ. ಕಂದು ಬಣ್ಣದ ಸೀಸೆ, ಒಳಗೆ ಮಾಸಿದ ಬಿಳಿ ಪುಡಿ, ಹಳೇ ಗೋಡೆಯ ಸುಣ್ಣದ ಹಾಗೆ. ಚಾಕುವಿನ ತುದಿಯಲ್ಲಿ ಒಂದು ಚಿಟಿಕೆ, ಮೇಲೆ ಅಸೆಟಿಕ್ ಆಸಿಡ್ — ಉಪ್ಪಿನಕಾಯಿಯ ಭರಣಿಯಲ್ಲಿ ಮೂಗು ಇಟ್ಟ ಹಾಗೆ ಕಣ್ಣಲ್ಲೆಲ್ಲ ನೀರು — ಮೇಲೆ ಪರೀಕ್ಷೆಯ ದ್ರವ, ಮೇಲೆ ಪೆರಾಕ್ಸೈಡ್, ನೋಡು ನೋಡು, ನೀಲಿ! ರಕ್ತ ಕಣ್ಣಿಗೆ ಕಾಣುವುದೇ ಇಲ್ಲ, ಸಾವಿರದಲ್ಲಿ ಒಂದು ಪಾಲು ಇದ್ದರೂ ಈ ಬೆಂಜಿಡಿನ್ ಹಿಡಿದು ತೋರಿಸ್ತದೆ, ಪೊಲೀಸ್ ನಾಯಿಯ ಹಾಗೆ, ಗೊತ್ತುಂಟಾ. ನೆಲದ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಉಳ್ಳಾಲದ ಮೀನುಗಾರ ಜಮಾಲುದ್ದೀನನ ಹೊಟ್ಟೆಹುಣ್ಣನ್ನು ಅದೇ ಪುಡಿ ಹಿಡಿದುಕೊಟ್ಟಿತು, ಆಪರೇಷನ್ನಾಗಿ ಬದುಕಿದ, ಮೂರು ತಿಂಗಳು ಕಳೆದು ಒಂದು ಬುಟ್ಟಿ ಬಂಗುಡೆ ತಂದು ಲ್ಯಾಬಿನ ಬಾಗಿಲಲ್ಲಿ ಇಟ್ಟು ನಗುತ್ತ ನಿಂತಿದ್ದ, ಆ ದಿನ ತಾನೂ ಎಷ್ಟು ಹೆಮ್ಮೆಪಟ್ಟಿದ್ದಳು, ಒಂದು ಪುಡಿ, ಒಂದು ಹನಿ, ಒಬ್ಬ ಮನುಷ್ಯನ ಜೀವ. ಡಾಕ್ಟರ್ ತಾರಾನಾಥರು ಹೊಸತಾಗಿ ಬಂದವರು, ವಿದ್ಯಾರ್ಥಿಗಳಿಗೆಂದು ಬೋರ್ಡಿನ ಮೇಲೆ ಅದರ ಅಣುವಿನ ಚಿತ್ರ ಬರೆದಿದ್ದರು, ಜೇನುಗೂಡಿನ ಎರಡು ಕೋಣೆ ಅಂಟಿಕೊಂಡ ಹಾಗೆ, ಆಚೆ ಈಚೆ ಒಂದೊಂದು ಬಾಲ, ಇಷ್ಟೇನಾ ಎಂದು ಅನಿಸಿತ್ತು ಅವಳಿಗೆ, ಇಷ್ಟು ಚಂದವಾ. ಆ ಚಂದದ್ದು ಮೇಜಿನ ಮೇಲೆ ಚೆಲ್ಲಿದರೆ ಬರಿಗೈಯಲ್ಲೇ ಬಳಿದು ಸೀಸೆಗೆ ಹಾಕುತ್ತಿದ್ದರು, ವ್ಯರ್ಥ ಯಾಕೆ ಮಾಡುವುದು, ದ್ರಾವಣವನ್ನು ಪಿಪೆಟ್ಟಿನಲ್ಲಿ ಬಾಯಿಂದಲೇ ಎಳೆಯುತ್ತಿದ್ದರು, ಎಲ್ಲರೂ, ಎಲ್ಲ ಲ್ಯಾಬಿನಲ್ಲೂ, ಒಮ್ಮೊಮ್ಮೆ ಒಂದು ಹನಿ ಹೆಚ್ಚಾಗಿ ನಾಲಗೆಗೆ ತಾಗಿದರೆ ವಿಲ್ಲಿ ಉಗಿದು ನಗುತ್ತಿದ್ದ, ಮಧ್ಯಾಹ್ನದ ಗಂಜಿಗೆ ಉಪ್ಪಿನಕಾಯಿ ಬೇಡ ಇವತ್ತು ಎಂದು. ಅದೇ ವಿಲ್ಲಿ ಎಪ್ಪತ್ತೊಂಬತ್ತರ ಆಗಸ್ಟಿನಲ್ಲಿ ಉಳ್ಳಾಲದ ಮನೆಯ ಚಾವಡಿಯಲ್ಲಿ, ಮಂಚದ ಕೆಳಗೆ ಮೂತ್ರದ ಟ್ಯೂಬು ಇಳಿಬಿಟ್ಟುಕೊಂಡು, ಕಣ್ಣು ಮಾತ್ರ ದೊಡ್ಡದಾಗಿ, ಅವನ ಹೆಂಡತಿ ನೆಲ್ಲಿ ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದ್ದಳು, ಮೂತ್ರದ ಚೀಲದಲ್ಲಿ ಗಡ್ಡೆಯಂತೆ ರೊಸಾಲಿನ್, ಒಂದು ವರ್ಷದಿಂದ ರಕ್ತ ಹೋಗ್ತಾ ಇತ್ತಂತೆ, ನನಗೆ ಹೇಳಲೇ ಇಲ್ಲ ಮಾರಾಯ್ತಿ. ಅವನು ಕೂಡ ಬೀಟ್‌ರೂಟ್ ಎಂದುಕೊಂಡಿದ್ದನೋ ಏನೋ, ಅವನು ಕೂಡ ಬೇರೆ ಹೆಸರಿನ ಚೀಟಿ ಅಂಟಿಸಿದ್ದನೋ ಏನೋ, ಆ ವರ್ಷ ತಾನು ನೀಲಿ ಎಂದು ಬರೆದ ಎಷ್ಟೋ ಟ್ಯೂಬುಗಳಲ್ಲಿ ಒಂದು ವಿಲ್ಲಿಯದೇ ಆಗಿತ್ತೋ ಏನೋ — ಸಾಯ್ಬಾ, ನನ್ನ ದೇವರೇ.

ಆದರೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಅದೊಂದನ್ನು ಹೇಳುವ ಹಾಗಿಲ್ಲ. ವಿಲ್ಲಿ ತೀರಿಹೋದ ಮರು ವರ್ಷ, ರಿಪೋರ್ಟುಗಳಿಗೆ ಸಹಿ ಹಾಕಿಸಲು ತಾರಾನಾಥರ ಕೋಣೆಗೆ ಹೋಗಿದ್ದಳು, ಅವರು ಫೋನಿನಲ್ಲಿದ್ದರು, ಮೇಜಿನ ಮೇಲೆ ಇಂಗ್ಲೆಂಡಿನ ಯಾವುದೋ ಪತ್ರಿಕೆ ತೆರೆದಿತ್ತು, ತಲೆಕೆಳಗಾಗಿ ಕಂಡರೂ ಆ ಹೆಸರನ್ನು ಓದಲು ಅವಳಿಗೆ ಕಷ್ಟವಾಗಲಿಲ್ಲ, ದಿನಾ ನೋಡುವ ಹೆಸರು, ಬೆಂಜಿಡಿನ್, ಅಡಿಯಲ್ಲಿ ಪೆನ್ಸಿಲ್ ಗೆರೆ, ಬಣ್ಣದ ಕಾರ್ಖಾನೆಯ ಕೆಲಸಗಾರರು, ಮೂತ್ರಚೀಲದ ಕ್ಯಾನ್ಸರ್, ಹದಿನೈದು ಇಪ್ಪತ್ತು ವರ್ಷದ ನಂತರ. ಅಂಚಿನಲ್ಲಿ ಪೆನ್ಸಿಲಿನಲ್ಲೇ ಒಂದು ಅಕ್ಷರ, ಡಬ್ಲ್ಯು. ವಿಲ್ಲಿಯ ಗಡ್ಡೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆದವರು ಇದೇ ತಾರಾನಾಥರು, ಅವರಿಗಲ್ಲದೆ ಮತ್ತೆ ಯಾರಿಗೆ ಹೊಳೆಯಬೇಕು. ಅವರು ಫೋನ್ ಇಟ್ಟು ಅವಳ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದರು, ಪತ್ರಿಕೆಯನ್ನು ನಿಧಾನ ಮುಚ್ಚಿದರು, ಅದು ಫ್ಯಾಕ್ಟರಿಯವರಿಗೆ ರೊಸಾಲಿನ್ ಬಾಯಿ, ಅವರು ಚೀಲಗಟ್ಟಲೆ ಉಸಿರಾಡ್ತಾರೆ, ನಮ್ಮದು ಚಿಟಿಕೆ, ಅಲ್ಲಿ ನಿಲ್ಲಿಸಿದ್ದಾರೆ ಹೌದು, ನಾವೂ ಬೇರೆ ಪುಡಿಗೆ, ಬೇರೆ ರೀಏಜೆಂಟಿಗೆ ಬರೆಯುವಾ, ಆದರೆ ಹುಡುಗಿಯರನ್ನು ಸುಮ್ಮನೆ ಹೆದರಿಸಬೇಡಿ, ಆಯ್ತಾ. ಆಯ್ತು ಡಾಕ್ಟ್ರೆ. ಎಷ್ಟು ಸುಲಭಕ್ಕೆ ಬಂತು ಆ ಆಯ್ತು. ಬೇರೆ ರೀಏಜೆಂಟು ಬರಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ, ಕೇಳದೆ ಮಾಡಿದ್ದು ಒಂದೇ ಒಂದು ಕೆಲಸ — ಇಲ್ಲ, ಅದನ್ನು ನೆನೆಯಬಾರದು, ಮೈಕ್ರೋಸ್ಕೋಪಿನ ತಿರುಪು ತಿರುಗಿಸು, ಕೆಂಪು ಕಣ ಎಣಿಸು, ಒಂದು ಎರಡು ಮೂರು — ಮರುದಿನ ಬೆಳಿಗ್ಗೆ ಆ ಕಂದು ಸೀಸೆಯನ್ನು ತನ್ನ ಮೇಜಿನಿಂದ ಎತ್ತಿ, ಕೆಲಸಕ್ಕೆ ಸೇರಿ ಎರಡು ವಾರವೂ ಆಗದ ಸ್ವರ್ಣಲತಾಳ ಮೇಜಿನ ಮೇಲೆ ಇಟ್ಟದ್ದು. ಇನ್ನು ಬೆಂಜಿಡಿನ್ ಟೆಸ್ಟ್ ಪೂರಾ ನಿನಗೆ ಸ್ವರ್ಣ, ಕಲಿತುಕೋ, ಪ್ರಾಯದ ಕಣ್ಣಿಗೆ ಬಣ್ಣ ಚೆನ್ನಾಗಿ ಕಾಣ್ತದೆ. ಹುಡುಗಿಗೆ ಎಷ್ಟು ಖುಷಿ, ಹಿರಿಯವರು ನಂಬಿ ಒಂದು ಕೆಲಸ ಬಿಟ್ಟುಕೊಟ್ಟರಲ್ಲ, ಥ್ಯಾಂಕ್ಸ್ ಬಾಯಿ, ಥ್ಯಾಂಕ್ಸ್ ಎಂದು ಎರಡು ಸಲ ಹೇಳಿತ್ತು. ಮೂರು ವರ್ಷ. ಮೂರು ವರ್ಷದಿಂದ ತನ್ನ ಪಾಲಿನದ್ದನ್ನು ಆ ಹುಡುಗಿ ಮಾಡುತ್ತಿದೆ, ತಾನು ಆಚೆ ಮೇಜಿನಲ್ಲಿ ಕೂತು ಒಂದು ಕಣ್ಣಲ್ಲಿ ನೋಡುತ್ತಿದ್ದಾಳೆ, ಹುಡುಗಿ ಪಿಪೆಟ್ಟನ್ನು ಬಾಯಲ್ಲಿ ಇಟ್ಟದ್ದು ಕಂಡು, ಬಾಯಿಂದ ಎಳೆಯಬೇಡ, ರಬ್ಬರ್ ಬಲ್ಬು ಹಾಕು ಸ್ವರ್ಣ ಎಂದಷ್ಟೇ ಒಂದು ಸಲ ಹೇಳಿದ್ದಳು, ಅದರಲ್ಲಿ ಅಳತೆ ಸರಿ ಬರುವುದಿಲ್ಲ ಬಾಯಿ ಎಂದು ಅವಳು ನಕ್ಕಳು, ತಾನೂ ನಕ್ಕಳು. ನಕ್ಕಳು! ಮತ್ತೆ ಅದರಿಂದ ತನಗೆಂತ ಬಂತು, ಹತ್ತೊಂಬತ್ತು ವರ್ಷ ಒಳಗೆ ಹೋದದ್ದು ಮೂರು ವರ್ಷ ದೂರ ಕೂತರೆ ಬಿಟ್ಟು ಹೋಗ್ತದಾ, ಅದು ಎಲ್ಲಿಗೂ ಹೋಗಿರಲಿಲ್ಲ, ಒಳಗೆ ಕತ್ತಲಲ್ಲಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಭಾನುವಾರವೂ, ಪೂಜೆಯ ಹೊತ್ತಿಗೂ.

ಎದ್ದಳು. ಕಾಲು ತನ್ನಷ್ಟಕ್ಕೆ ನಡೆಯಿತು, ಸ್ವರ್ಣಲತಾಳ ಮೇಜಿನಿಂದ ಸೀಸೆಯನ್ನೂ ಎಸ್ತೆರಳ ರಿಪೋರ್ಟನ್ನೂ ಎತ್ತಿಕೊಂಡಳು, ಎಂತ ಬಾಯಿ, ಇನ್ನೂ ಆರು ಸ್ಯಾಂಪಲ್ ಉಂಟಲ್ಲ ಎಂದು ಹುಡುಗಿ ಕೇಳುತ್ತಿದ್ದಂತೆ ಬಾಗಿಲು ದಾಟಿದಳು, ಕಾರಿಡಾರು, ಫಿನಾಯಿಲಿನ ವಾಸನೆ, ಗೋಡೆಯ ಬದಿಯ ಬೆಂಚಿನಲ್ಲಿ ರಕ್ತ ಕೊಡಲು ಕೂತವರು, ಅವರ ನಡುವಿನಿಂದ ಆ ಸೀಸೆಯನ್ನು ಎದೆಗೆ ಒತ್ತಿಕೊಂಡು ಹೋಗುತ್ತಿರುವುದು ಗೊತ್ತಾಗಿ ಕೂಡಲೇ ದೂರ ಹಿಡಿದಳು. ತಾರಾನಾಥರು ಕನ್ನಡಕದ ಮೇಲಿಂದ ನೋಡಿದರು, ರಿಪೋರ್ಟ್ ನೋಡಿದರು, ಎಸ್ತೆರ್, ನಲವತ್ತನಾಲ್ಕು, ಫೋರ್ ಪ್ಲಸ್, ಕಲ್ಲಿನ ನೋವು ಉಂಟಾ ಕೇಳಿ, ಯಾವ ವಾರ್ಡ್ ಇವರು. ವಾರ್ಡ್ ಇಲ್ಲ ಡಾಕ್ಟ್ರೆ, ನೋವೂ ಇಲ್ಲ, ಅದು ನಾನೇ. ಫ್ಯಾನ್ ತಿರುಗುತ್ತಿತ್ತು, ಕಾಗದದ ಮೂಲೆ ಎದ್ದು ಬಿದ್ದು ಮಾಡುತ್ತಿತ್ತು, ಅವರು ಅದನ್ನು ಬೆರಳಿನಿಂದ ಒತ್ತಿ ಹಿಡಿದರು, ತುಂಬ ಹೊತ್ತು ಒತ್ತಿ ಹಿಡಿದರು, ಮತ್ತೆ ತಮ್ಮ ಆ ಬೆರಳನ್ನೇ ನೋಡಿದರು, ಕಲಿಯುವಾಗ ಎಷ್ಟು ವರ್ಷ ಈ ಟೆಸ್ಟ್ ಮಾಡಿದ್ದೆ ಎಂದು ಲೆಕ್ಕ ಹಾಕುತ್ತಿರಬೇಕು, ಹಾಕಲಿ. ನಾಳೆಯೇ ಒಳಗೆ ದುರ್ಬೀನು ಹಾಕಿ ನೋಡಿಸುವಾ ಬಾಯಿ, ನಾನೇ ಸರ್ಜನ್ನಿಗೆ ಹೇಳ್ತೇನೆ, ಬೇಗ ಸಿಕ್ಕಿದರೆ ಗುಣ ಆಗ್ತದೆ, ವಿಲ್ಲಿ ತಡ ಮಾಡಿದ. ವಿಲ್ಲಿ! ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಆ ಹೆಸರು. ನಿಮಗೆ ಗೊತ್ತಿತ್ತು ಡಾಕ್ಟ್ರೆ. ನಿಮಗೂ ಗೊತ್ತಿತ್ತಲ್ಲ ಬಾಯಿ, ಎಂದರು, ಬೈಯುವ ಹಾಗಲ್ಲ, ತುಂಬ ಮೆಲ್ಲಗೆ, ಇಬ್ಬರೂ ಒಂದೇ ಮನೆಯ ಕಳ್ಳರ ಹಾಗೆ. ಸೀಸೆಯನ್ನು ಅವರ ಮೇಜಿನ ಮಧ್ಯ ಇಟ್ಟಳು, ಇದನ್ನು ಇನ್ನು ನಾನು ತೆರೆಯುವುದಿಲ್ಲ, ಆ ಹುಡುಗಿಯೂ ತೆರೆಯುವುದಿಲ್ಲ, ನೀವು ಬೇಕಾದರೆ ತೆರೆಯಿರಿ. ವಾರ್ಡಿನವರಿಗೆ ಎಂತ ಹೇಳುವುದು, ಟೆಸ್ಟ್ ನಿಂತರೆ — ಎಂದು ಅವರು ಶುರುಮಾಡಿದರು. ಸ್ವರ್ಣಲತಾಳಿಗೆ ಇವತ್ತು ಹೇಳ್ತೇನೆ. ಈಗ ಬೇಡ, ನೋಡಿಕೊಂಡು ಹೇಳುವಾ. ಇಲ್ಲ ಡಾಕ್ಟ್ರೆ, ಈಗ.

ಹೇಳುವುದು ಹೇಗೆ, ಎಲ್ಲಿಂದ ಶುರುಮಾಡುವುದು, ಕಾರಿಡಾರಿನ ಉದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಳು, ಲ್ಯಾಬಿನ ಹೊಸ್ತಿಲು ದಾಟುವಾಗ ಎಲ್ಲ ಚೆಲ್ಲಿಹೋದವು, ಎಸ್ತೆರ್ ಅಂದರೆ ನಾನು ಸ್ವರ್ಣ. ಹುಡುಗಿ ಮೊದಲು ನಕ್ಕಿತು, ಮತ್ತೆ ಅವಳ ಮುಖ ನೋಡಿ ನಿಲ್ಲಿಸಿತು, ದೇವೆರೇ, ಎಂತ ಹೇಳ್ತೀರಿ ಬಾಯಿ, ಕೂತುಕೊಳ್ಳಿ, ನೀರು ಕೊಡ್ಲಾ. ಬೇಡ, ಕೇಳು, ಆ ಪುಡಿಯಿಂದ ಬರುವುದು ಇದು, ವಿಲ್ಲಿಗೆ ಬಂದದ್ದೂ ಅದರಿಂದ, ನೀನು ಇನ್ನು ಅದನ್ನು ಮುಟ್ಟಬೇಡ, ಮೂರೇ ವರ್ಷ ಆದದ್ದು, ನಿನಗೆ ಏನೂ ಆಗದೆಯೂ ಇರಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಾ ಇರು — ಮಾತು ಮಾತಿನ ಮೇಲೆ ಬೀಳುತ್ತಿತ್ತು, ಹುಡುಗಿ ರೆಪ್ಪೆ ಬಡಿಯದೆ ಕೇಳುತ್ತಿತ್ತು, ಎಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿತು, ನಿಮಗೆ ಯಾವಾಗಿನಿಂದ ಗೊತ್ತುಂಟು ಬಾಯಿ. ಇವತ್ತು ಎನ್ನಬಹುದಿತ್ತು, ಇವತ್ತು ಬೆಳಿಗ್ಗೆ ಎನ್ನಬಹುದಿತ್ತು, ಯಾರು ನೋಡಲು ಹೋಗುತ್ತಿದ್ದರು. ನಿನಗೆ ಸೀಸೆ ಕೊಟ್ಟ ದಿನಕ್ಕಿಂತ ಮೊದಲು, ಎಂದಳು. ಹುಡುಗಿ ನಲ್ಲಿಯ ಹತ್ತಿರ ಹೋಗಿ ಸಾಬೂನು ತಿಕ್ಕಿತು, ತೊಳೆಯಿತು, ಮತ್ತೆ ತಿಕ್ಕಿತು, ಉಗುರಿನ ಸಂದಿಗೆ ಇನ್ನೊಂದು ಕೈಯ ಉಗುರು ಹಾಕಿ ಕೆರೆಯಿತು, ನೀರು ಹರಿಯುತ್ತಲೇ ಇತ್ತು, ಅಷ್ಟರಲ್ಲಿ ಜಗಲಿಯಲ್ಲಿ ಚಪ್ಪಲಿಯ ಸದ್ದು, ಹನ್ನೆರಡೂವರೆ, ಸ್ವರ್ಣಲತಾಳ ತಾಯಿ ಸುಂದರಿಯಕ್ಕ ದಿನದ ಹಾಗೆ ಮೊಮ್ಮಗಳನ್ನು ಹಾಲು ಕುಡಿಸಲು ಎತ್ತಿಕೊಂಡು ಬಂದಿದ್ದರು, ಎಂಟು ತಿಂಗಳ ಮಗು, ಹಸಿದಿತ್ತು, ತಾಯಿಯನ್ನು ಕಂಡದ್ದೇ ಕೇಕೆ ಹಾಕಿ ಅಜ್ಜಿಯ ಸೊಂಟದಿಂದ ಮುಂದಕ್ಕೆ ವಾಲಿತು, ಹಿಡಿ ಮಗಾ, ಬೀಳ್ತದೆ, ಎಂದರು ಸುಂದರಿಯಕ್ಕ. ಸ್ವರ್ಣಲತಾ ತಿರುಗಿದಳು. ಹಿಡಿಯಲಿಲ್ಲ. ತೊಳೆದ ಎರಡು ಕೈಯನ್ನೂ ಮೈಯಿಂದ ದೂರ, ಸೀರೆಗೂ ತಾಗದ ಹಾಗೆ ಎತ್ತಿ ಹಿಡಿದು ನಿಂತಳು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಗು ವಾಲುತ್ತಲೇ ಇತ್ತು, ದಾನೆ ಆಂಡ್, ಏನಾಯಿತು ಮಗಾ, ಹಿಡಿ, ಎಂದು ಸುಂದರಿಯಕ್ಕ ಮತ್ತೆ ಹೇಳಿದರು, ರೊಸಾಲಿನ್ ಮಾತಾಡಲು ಹೊರಟಳು, ಹಿಡಿ ಸ್ವರ್ಣ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ ಎನ್ನಬೇಕು, ಆದರೆ ಅದು ನಿಜವಾ, ಅದು ತನಗೆ ಗೊತ್ತುಂಟಾ, ಎಂಟು ತಿಂಗಳು, ಅದಕ್ಕೂ ಹಿಂದೆ ಒಂಬತ್ತು ತಿಂಗಳು ಹೊಟ್ಟೆಯಲ್ಲಿ, ಆಗಲೂ ಇದೇ ಮೇಜು, ಇದೇ ಪುಡಿ — ಮಗು ಅಳಲು ಶುರುಮಾಡಿತು, ಆ ಎರಡು ಕೈ ಕೆಳಗೆ ಇಳಿಯಲಿಲ್ಲ, ಮುಂದೆ ಬರಲಿಲ್ಲ, ಎತ್ತಿದಲ್ಲೇ, ಬೆರಳುಗಳ ನಡುವೆ ಬೆಳಕು, ತುದಿಯಲ್ಲಿ ನೀರು, ಎರಡು ಕೈ, ಯಾರದ್ದೋ ಎಂಬ ಹಾಗೆ, ಎರಡು ಕೈ —