ಏಳು ಗಂಟೆ ಸೀರಿಯಲ್ಲಿನ ಅತ್ತೆ ಸಾಯಬಾರದು

೧

ಎಲ್ಲಿಂದ ಶುರು ಮಾಡಲಿ? ಸೀರಿಯಲ್ಲಿನವರಿಗೆ ಈ ಕಷ್ಟವಿಲ್ಲ. ಒಂದು ಕಾರು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಒಂದು ಶೂ ನೆಲಕ್ಕಿಳಿಯುತ್ತದೆ, ಅಷ್ಟರಲ್ಲಿ ಜಾಹೀರಾತು. ನನ್ನ ಕಥೆಯಲ್ಲಿ ಕಾರಿಲ್ಲ. ಇರುವುದು ಒಂದು ಸೋಫಾ, ಅದರ ಮೇಲೆ ನಮ್ಮ ದೊಡ್ಡಮ್ಮ.

(ಮೊದಲ ಡ್ರಾಫ್ಟ್ "ಬದುಕೆಂಬುದೊಂದು ಧಾರಾವಾಹಿ" ಎಂದು ಶುರುವಾಗಿತ್ತು. ನನಗೇ ನಾಚಿಕೆಯಾಗಿ ಹರಿದು ಹಾಕಿದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯಲಾಗದು, ನಿಜ. ಹರಿದಷ್ಟೇ ಸಿಟ್ಟಿನಿಂದ ಅಳಿಸಿದೆ ಅಂತಿಟ್ಟುಕೊಳ್ಳಿ.)

೨

ನಾನು ಒಂದು ಪತ್ರಿಕೆಯ ಪುರವಣಿಗೆ ಹೊಸ ಸೀರಿಯಲ್ಲುಗಳ ಬಗ್ಗೆ ಅಂಕಣ ಬರೆಯುತ್ತೇನೆ. ಮೊದಲ ಕಂತು ನೋಡಬೇಕು, ಮರುದಿನ ಮಧ್ಯಾಹ್ನದೊಳಗೆ ಅನಿಸಿಕೆ ಕಳಿಸಬೇಕು. ಒಂದು ಕಂತು ನೋಡಿ ಮುಂದಿನ ಎಂಟುನೂರು ಕಂತುಗಳ ಹಣೆಬರಹ ಹೇಳುವ ಉದ್ಯೋಗ. ಕುಕ್ಕರಿನ ಮೊದಲ ಸೀಟಿ ಕೇಳಿ ಊಟ ಹೇಗಿತ್ತು ಎಂದು ಹೇಳಿದ ಹಾಗೆ.

ಒಂದು ಗುಟ್ಟು ಹೇಳುತ್ತೇನೆ, ಸಂಪಾದಕರಿಗೆ ಹೇಳಬೇಡಿ. ಆ ಅನಿಸಿಕೆಗಳಲ್ಲಿ ಅರ್ಧ ನನ್ನವಲ್ಲ, ದೊಡ್ಡಮ್ಮನವು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮುಖ ನೋಡಿ ಮೋಸ ಹೋಗಬಹುದು, ದನಿ ಕೇಳಿ ಹೋಗುವುದಿಲ್ಲ. "ಈ ಹುಡುಗಿ ಅಳು ಸುಳ್ಳು ಕಣೇ. ನಿಜವಾಗಿ ಅಳೋರು ಮಾತಿನ ಮಧ್ಯೆ ಮೂಗು ಎಳೀತಾರೆ. ಇವಳು ಡೈಲಾಗ್ ಮುಗಿಸಿ ಎಳೀತಾಳೆ" ಎನ್ನುತ್ತಾಳೆ. ನಾನು "ಅಭಿನಯದಲ್ಲಿ ಸಮಯಪ್ರಜ್ಞೆಯ ಕೊರತೆ" ಎಂದು ಬರೆಯುತ್ತೇನೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ತಂಗಿಗೆ ಹತ್ತು ತಿಂಗಳು. ಅಂದಿನಿಂದ ಇಬ್ಬರನ್ನೂ ಸಾಕಿದವಳು ಇವಳೇ. (ಇಲ್ಲಿ ಪಿಟೀಲು ಬೇಡ. ಮುಂದಕ್ಕೆ ಹೋಗೋಣ.)

೩

ಆ ಸೋಮವಾರ ಎರಡು ಹೊಸ ಸೀರಿಯಲ್ ಶುರುವಾಗುವುದಿತ್ತು. ಆರೂವರೆಗೆ ಒಂದು, ಏಳಕ್ಕೆ ಇನ್ನೊಂದು. ಮಧ್ಯಾಹ್ನ ತಂಗಿ ಫೋನ್ ಮಾಡಿದಳು.

"ಅಕ್ಕಾ, ಏಳು ಗಂಟೆದು ನೋಡ್ತೀಯಾ?"

"ನೋಡ್ಲೇಬೇಕಲ್ಲ, ಹೊಟ್ಟೆಪಾಡು."

"ಅದಕ್ಕೆ ಡೈಲಾಗ್ ಬರೀತಿರೋದು ನಾನು."

ನನ್ನ ತಂಗಿ ಜಾಹೀರಾತು ಕಂಪನಿಯಲ್ಲಿ ಸೋಪಿನ ಗುಣಗಾನ ಬರೆಯುತ್ತಾಳೆಂದೇ ನಾವು ನಂಬಿದ್ದೆವು. ಕೆಲಸ ಬಿಟ್ಟು ಐದು ತಿಂಗಳಾಗಿತ್ತಂತೆ. ಹೆಸರು ಪರದೆ ಮೇಲೆ ಬಂದಮೇಲೆ ಹೇಳೋಣವೆಂದು ಸುಮ್ಮನಿದ್ದಳಂತೆ. ನಾನು ಖುಷಿಯಿಂದ ಕಿರುಚಿದೆ. ಅವಳು ಕಿರುಚಲಿಲ್ಲ.

"ಅದರಲ್ಲಿ ಒಬ್ಬಳು ವಿಲನ್ ಅತ್ತೆ ಇದಾಳೆ."

"ಇಲ್ದೆ ಇರ್ತಾಳಾ?"

"ಅವಳಾಡೋದೆಲ್ಲಾ ದೊಡ್ಡಮ್ಮನ ಮಾತು. ಒಂದಕ್ಷರ ಬಿಟ್ಟಿಲ್ಲ. ದಿನಾ ಸಂಜೆಯೊಳಗೆ ಸೀನ್ ಕೊಡು ಅಂತಿದ್ರು, ಬಾಯಿಗೆ ಬಂದದ್ದು ಅದೇ. ಹೆಂಗಾದ್ರೂ ಮಾಡಿ ಇವತ್ತು ನೋಡದ ಹಾಗೆ ಮಾಡಕ್ಕಾ. ನಮ್ಮನ್ನ ಸಾಕಿದವಳನ್ನ ರಾಕ್ಷಸಿ ಮಾಡಿದೀನಿ."

೪

ಟಿವಿ ಹಿಂದಿನ ಕೇಬಲ್ ಎಳೆದು ಸಡಿಲ ಮಾಡಿದೆ. ನನ್ನ ಬುದ್ಧಿಗೆ ಹೊಳೆದದ್ದು ಇಷ್ಟು. ವೈರುಗಳ ನಡುವೆಯೇ ಬದುಕು ಕಳೆದವಳ ಮುಂದೆ ವೈರಿನ ಆಟ! ದೊಡ್ಡಮ್ಮ ಟಿವಿ ಹಿಂದೆ ಕೈ ಹಾಕಿ, ಅರೆನಿಮಿಷದಲ್ಲಿ ಚಿತ್ರ ಬರಿಸಿ, "ಯಾರೋ ಎಳೆದಿದಾರೆ" ಎಂದಳು. ಯಾರೋ ಎನ್ನುವಾಗ ನೋಡಿದ್ದು ನನ್ನನ್ನೇ.

ಆರೂಕಾಲಿಗೆ ತಂಗಿ ಏದುಸಿರು ಬಿಡುತ್ತ ಬಂದಳು. "ದೊಡ್ಡಮ್ಮ, ಬಾ, ವಾಕಿಂಗ್ ಹೋಗೋಣ."

"ನೀನು? ವಾಕಿಂಗಾ? ಲಿಫ್ಟ್ ಕೆಟ್ರೆ ರಜ ಹಾಕೋಳು ನೀನು. ಕೂತ್ಕೋ."

ಕೂತಳು.

೫

ಆರೂವರೆಯದು: ನಾಯಕ ನಾಯಕಿ ಡಿಕ್ಕಿ ಹೊಡೆದುಕೊಳ್ಳುತ್ತಾರೆ, ಕೈಯಲ್ಲಿದ್ದ ಕಾಗದಗಳು ಹಾರುತ್ತವೆ, ಹನ್ನೊಂದು ನಿಮಿಷ ಒಬ್ಬರನ್ನೊಬ್ಬರು ನೋಡುತ್ತಾರೆ. ಕಿಟಕಿಯೇ ಇಲ್ಲದ ಆಫೀಸಿನಲ್ಲಿ ಅವಳ ಕೂದಲು ಹಾರುತ್ತಿರುತ್ತದೆ. "ಆ ಕಾಗದ ಯಾರಾದ್ರೂ ಎತ್ತುತ್ತಾರಾ ನೋಡೋಣ" ಎಂದಳು ದೊಡ್ಡಮ್ಮ. ಯಾರೂ ಎತ್ತಲಿಲ್ಲ. ನನಗೆ ತಲೆಬರಹ ಸಿಕ್ಕಿತು.

ಏಳು ಗಂಟೆಯದು: ಹೊಸ ಸೊಸೆ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅತ್ತೆ ಮೆಟ್ಟಿಲು ಹತ್ತುತ್ತಾಳೆ. ಕ್ಯಾಮೆರಾ ಅವಳ ಹುಬ್ಬಿಗೆ ಮೂರು ಸಲ ನುಗ್ಗುತ್ತದೆ. ಆಮೇಲೆ ಆ ಮಾತು:

"ಬಾಗಿಲು ಹಾಕೋದಾದ್ರೆ ಸರಿಯಾಗಿ ಹಾಕು. ಅರ್ಧ ಸಿಟ್ಟು ಯಾರಿಗೂ ಉಪಯೋಗ ಇಲ್ಲ."

ತಂಗಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಪರದೆಯಲ್ಲಿ ಬಾಗಿಲು ತೆರೆಯಿತು, ಸೊಸೆ ಅಳುತ್ತ ನಿಂತಿದ್ದಳು.

"ಅಳೋದಿದ್ರೆ ಕೂತ್ಕೊಂಡು ಅಳು. ನಿಂತು ಅತ್ರೆ ಕಾಲೂ ನೋಯುತ್ತೆ."

ಓದುಗರೇ, ಈ ಮಾತುಗಳನ್ನು ಕೇಳುತ್ತಲೇ ನಾವಿಬ್ಬರೂ ಬೆಳೆದದ್ದು. ನಮಗೆ ಹೇಳುವಾಗ ಹಿನ್ನೆಲೆಯಲ್ಲಿ ಗುಡುಗು ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ದೊಡ್ಡಮ್ಮ ರಿಮೋಟ್ ಎತ್ತಿ ದನಿ ಜೋರು ಮಾಡಿದಳು.

೬

ಇಲ್ಲಿ ಎರಡು ಡ್ರಾಫ್ಟ್ ಬರೆದಿದ್ದೆ. ಒಂದರಲ್ಲಿ ಅವಳು ಮಾತಿಲ್ಲದೆ ಎದ್ದು ಹೋಗುತ್ತಾಳೆ. ಇನ್ನೊಂದರಲ್ಲಿ ತನ್ನ ಮಾತೆಂದು ಗೊತ್ತಾಗದೆ "ಎಂಥ ಕೆಟ್ಟ ಹೆಂಗಸು" ಎನ್ನುತ್ತಾಳೆ. ಮೊನ್ನೆ ಎರಡನ್ನೂ ಅವಳಿಗೆ ಓದಿ ಹೇಳಿದೆ.

"ನಾನ್ಯಾಕೆ ಎದ್ದು ಹೋಗ್ಲಿ? ಸೋಫಾ ನಂದು."

"ಹಾಗಾದ್ರೆ ಎರಡನೇದು?"

"ಅಷ್ಟು ಕಿವುಡೀನಾ ನಾನು? ನಡೆದದ್ದನ್ನ ನಡೆದ ಹಾಗೆ ಬರಿ. ಹೊಸದಾಗಿ ಹುಟ್ಟಿಸೋ ಅಷ್ಟು ಬುದ್ಧಿ ನಿನಗಿಲ್ಲ."

(ಲೇಖಕಿಯನ್ನು ಎತ್ತಿ ಆಡಿಸಿದ ಪಾತ್ರದ ಜೊತೆ ವಾದಕ್ಕಿಳಿಯಬಾರದು. ಎರಡೂ ಡ್ರಾಫ್ಟ್ ವಜಾ.)

೭

ನಡೆದದ್ದು ಹೀಗೆ. ಕಂತು ಮುಗಿಯಿತು. ಹೆಸರುಗಳು ಓಡಿದವು. ತಂಗಿಯ ಹೆಸರು ಬಂದು ಹೋಯಿತು. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನೀನೇನೇ ಬರೆದದ್ದು?"

"ತಪ್ಪಾಯ್ತು ದೊಡ್ಡಮ್ಮ. ನಿನ್ನ ಮಾತನ್ನೆಲ್ಲ ಅವಳ ಬಾಯಿಗೆ..."

"ನನ್ನ ಮಾತಾ?" ದೊಡ್ಡಮ್ಮ ನಗಲು ಶುರು ಮಾಡಿದಳು. ಸೋಫಾ ಅಲುಗುವಂಥ ನಗು. "ನನ್ನ ಮಾತಲ್ಲ ಕಣೇ ಅದು. ನಿಮ್ಮಮ್ಮಂದು."

ಟಿವಿಯಲ್ಲಿ ಯಾರೋ ಫ್ರಿಜ್ ಮಾರುತ್ತಿದ್ದರು.

"ಇಬ್ಬರಲ್ಲಿ ಬಾಯಿ ಇದ್ದದ್ದು ಅವಳಿಗೆ. ನಾನು ಮಹಾ ಮುಗುಮ್ಮು. ಅವಳು ಹೋದ್ಮೇಲೆ ಮನೇಲಿ ಸದ್ದೇ ಇಲ್ಲ. ಈ ಮಕ್ಕಳಿಗೆ ಅವಳ ಮಾತು ಒಂದೂ ಗೊತ್ತಾಗದೆ ಹೋಗುತ್ತಲ್ಲ ಅನ್ನಿಸ್ತು. ಅದಕ್ಕೆ ನಾನೇ ಆಡಕ್ಕೆ ಶುರು ಮಾಡಿದೆ. ಮೊದಮೊದಲು ನಾಚಿಕೆ ಆಗ್ತಿತ್ತು, ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗೆ. ಆಮೇಲೆ ನಾಲಿಗೆಗೆ ಅಂಟ್ಕೊಂಡ್ತು."

"ಮತ್ತೆ ನಿನ್ನ ಮಾತು ಯಾವುದು?" ತಂಗಿ ಕೇಳಿದಳು.

"ನಂದಾ? 'ಹಲೋ, ನಂಬರ್ ಪ್ಲೀಸ್.'"

ಮೂವರೂ ನಕ್ಕೆವು. ನಗುತ್ತ ನಗುತ್ತ ತಂಗಿ ಅಳತೊಡಗಿದಳು. ಅಮ್ಮನ ದನಿಯ ನೆನಪು ನನಗೂ ಇಲ್ಲ, ಅವಳಿಗಂತೂ ಸಾಧ್ಯವೇ ಇಲ್ಲ. ಅವಳು ಕೂತುಕೊಂಡೇ ಅತ್ತಳು.

೮

ಪಿಟೀಲು ಬೇಡವೆಂದಿದ್ದೆ, ಬಂದುಬಿಟ್ಟಿತು. ಆದರೆ ಎರಡು ನಿಮಿಷವೂ ಉಳಿಯಲಿಲ್ಲ. ತಂಗಿ ಕಣ್ಣೊರೆಸಿಕೊಂಡು ಹಠಾತ್ತನೆ ಬಿಳಿಚಿಕೊಂಡಳು.

"ಅಕ್ಕಾ, ನಲವತ್ತನೇ ಕಂತಲ್ಲಿ ಅತ್ತೆ ಸಾಯ್ತಾಳೆ. ಮೆಟ್ಟಿಲಿಂದ ಬಿದ್ದು."

"ಸಾಯಬಾರದು" ಎಂದಳು ದೊಡ್ಡಮ್ಮ. "ಒಂದು ಸಲ ಆಗಿದೆ. ಸಾಕು."

ಕಥೆ ತಂಗಿಯ ಕೈಯಲ್ಲಿಲ್ಲ. ಅದಕ್ಕೊಬ್ಬ ಹಿರಿಯ ಕಥೆಗಾರನಿದ್ದಾನೆ, ಇವಳು ಬರೀ ಮಾತು ತುಂಬುವವಳು. ಆದರೂ ಅವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ವಿಷಯ ಹೇಳಲು ತಡವರಿಸುತ್ತಿದ್ದಾಗ ದೊಡ್ಡಮ್ಮ ಫೋನ್ ಕಸಿದುಕೊಂಡಳು.

"ನೋಡಪ್ಪಾ, ಆ ಅತ್ತೇನ ಸಾಯಿಸ್ಬೇಡ."

"ತಾವು ಯಾರಮ್ಮಾ?"

"ಅವಳ ಅಕ್ಕ."

"ಅಮ್ಮಾ, ವಿಲನ್ ಸಾಯದೆ ಹೀರೋಯಿನ್ ಸುಖವಾಗಿರೋದು ಹೇಗೆ?"

"ಇಬ್ರೂ ಜಗಳ ಆಡ್ಕೊಂಡು ಸುಖವಾಗಿರ್ಲಿ. ನಿಮ್ಮನೇಲಿ ಇಲ್ವಾ?"

ಅವನು ಜೋರಾಗಿ ನಕ್ಕ. ಜನಕ್ಕೆ ಅತ್ತೆ ಹಿಡಿಸಿದರೆ ನೋಡೋಣ, ಮಾತು ಖಾಲಿಯಾದ ದಿನ ಮಾತ್ರ ಮೆಟ್ಟಿಲೇ ಗತಿ ಎಂದ.

೯

ಇನ್ನು ನನ್ನ ಪಾಡು. ಈ ಸೀರಿಯಲ್ಲನ್ನು ಹೊಗಳಿದರೆ ತಂಗಿಯ ಪರ, ತೆಗಳಿದರೆ ಅಮ್ಮನ ವಿರುದ್ಧ. ಮೊದಲು "ಈ ದಶಕದ ಶ್ರೇಷ್ಠ ಅತ್ತೆ" ಎಂದು ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು: "ಏಳು ಗಂಟೆಯ ಸೀರಿಯಲ್ಲಿಗೆ ಸಂಭಾಷಣೆ ಬರೆದವಳು ನನ್ನ ತಂಗಿ. ಅತ್ತೆಯ ಮಾತುಗಳು ನಮ್ಮಮ್ಮನವು. ಆದ್ದರಿಂದ ನನ್ನ ಅಭಿಪ್ರಾಯ ನಂಬಬೇಡಿ, ನೀವೇ ನೋಡಿ."

ಪುರವಣಿಯ ಸಂಪಾದಕರು ಫೋನ್ ಮಾಡಿದರು. "ಏನಮ್ಮಾ ಇದು, ವಿಮರ್ಶೆನೋ ರಜೆಚೀಟಿನೋ?"

"ನಿಜ ಸಾರ್."

"ನಿಜ ಇರಬಹುದು. ನಾಲ್ಕು ಇಂಚು ಜಾಗ ಖಾಲಿ ಉಳೀತು."

ಆ ಮೂರು ವಾಕ್ಯಗಳನ್ನು ಅವರು ಹಾಗೇ ಅಚ್ಚು ಹಾಕಿದರು. ಉಳಿದ ಜಾಗಕ್ಕೆ ಹಾಸಿಗೆಯ ಜಾಹೀರಾತು ಬಿತ್ತು. ನನ್ನ ಅಂಕಣಕ್ಕೆ ಎಂದೂ ಬಾರದಷ್ಟು ಪತ್ರಗಳು ಬಂದವು. ಅರ್ಧದಷ್ಟು ಮಂದಿ ಕೇಳಿದ್ದು ಒಂದೇ: ಅಮ್ಮ ಇನ್ನೇನೇನು ಹೇಳುತ್ತಿದ್ದರು?

೧೦

ಈಗ ಮುಕ್ತಾಯ. ಸುಖಾಂತ ಬೇಕೆಂದರೆ ಅತ್ತೆ ಮೆಟ್ಟಿಲಲ್ಲಿ ಎಡವಿ, ಕಂಬಿ ಹಿಡಿದು, ಸೊಸೆಗೇ ಬೈಯುತ್ತಾಳೆ. ದುಃಖಾಂತ ಬೇಕೆಂದರೆ ನಿಮಗೆ ಗೊತ್ತೇ ಇದೆ. ಬುದ್ಧಿಜೀವಿಗಳಿಗೆ ಬೇಕಾದಂಥದ್ದೂ ಒಂದಿದೆ: ಮೆಟ್ಟಿಲೇ ಬಿದ್ದುಹೋಗುತ್ತದೆ. ನಲವತ್ತನೇ ಕಂತಿನಲ್ಲಿ ಏನಾಯಿತೆಂದು ಮಾತ್ರ ನಾನು ಹೇಳುವುದಿಲ್ಲ. ಏಕೆಂದರೆ ನಾನಿದನ್ನು ಬರೆಯುತ್ತಿರುವಾಗ ನಡೆಯುತ್ತಿರುವುದು ಮೂವತ್ತೆಂಟನೆಯದು.

ತಂಗಿ ದಿನಾ ಸಂಜೆ ನೋಟ್‌ಬುಕ್ ಹಿಡಿದು ಬರುತ್ತಾಳೆ. ದೊಡ್ಡಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ಅಮ್ಮನ ಮಾತುಗಳನ್ನು ಹೆಕ್ಕಿ ಹೆಕ್ಕಿ ಕೊಡುತ್ತಾಳೆ. ಅತ್ತೆಯ ಪ್ರಾಣ ಅಷ್ಟಷ್ಟೇ ಮುಂದಕ್ಕೆ ಹೋಗುತ್ತದೆ. ಕಳೆದ ವಾರ ಕೊಡುವುದು ಕಡಿಮೆಯಾಗಿತ್ತು. ಒಂದು ಸಂಜೆ ಒಂದೇ ಮಾತು, ಮರುದಿನ ಅದೂ ಇಲ್ಲ. ಇವತ್ತು ಮಾತ್ರ ಕೂತ ಕೂಡಲೇ ಶುರು ಮಾಡಿದಳು.

"ಬರ್ಕೋ. ನಿಮ್ಮಮ್ಮ ಹೇಳ್ತಿದ್ಲು: ಮೊಬೈಲ್ ನೋಡ್ತಾ ಕೂತ ಗಂಡನ ಹತ್ರ ಮಾತಾಡ್ಬೇಕಂದ್ರೆ, ಪಕ್ಕದಲ್ಲೇ ಕೂತು ಅವನಿಗೆ ಫೋನ್ ಮಾಡು."

ತಂಗಿಯ ಪೆನ್ನು ನಿಂತಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಮ್ಮ ಹೋದಾಗ ಮೊಬೈಲ್ ಎಂಬ ವಸ್ತು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದೊಡ್ಡಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಬರ್ಕೊಂಡ್ಯಾ?"

"ಬರ್ಕೊಂಡೆ ದೊಡ್ಡಮ್ಮ," ತಂಗಿ ಹಾಳೆ ತಿರುಗಿಸಿದಳು. "ಅಮ್ಮ ಇನ್ನೇನು ಹೇಳ್ತಿದ್ಲು?"

"ತಾಳು. ಜ್ಞಾಪಿಸ್ಕೋತೀನಿ."