ಎಡಗಡೆಯ ಗಾಜು

ಹೃದಯವನ್ನು ಕೂದಲೆಳೆಗಿಂತ ತೆಳ್ಳಗೆ ಹೆಚ್ಚುವುದು ಅಕ್ಕನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಲ್ಯಾಬು, ಅದೇ ಕುರ್ಚಿ. ಆಪರೇಷನ್ ಮಾಡುವಾಗ ಡಾಕ್ಟರು ಹೃದಯದ ಅಂಚಿನಿಂದ ಕತ್ತರಿಸಿ ತೆಗೆಯುವ ಚೂರು, ರೋಗಿ ಒಪ್ಪಿ ಸಹಿ ಹಾಕಿದ್ದರೆ, ಐಸಿನ ಡಬ್ಬಿಯಲ್ಲಿ ಮೂರನೇ ಮಹಡಿಗೆ ಬರುತ್ತದೆ. ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ಅದು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಸರದಿ ಕಾದು ಕೊನೆಗೆ ಅಕ್ಕನ ಕೈಗೆ ಬೀಳುತ್ತದೆ. ಪ್ರೊಫೆಸರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಅಕ್ಕ. ಎಡಚಿ ಬೇರೆ. ಅವಳ ಮೇಜಿನ ಮೇಲೆ ಎಲ್ಲವೂ ತಿರುವುಮುರುವು, ಯಾರಾದರೂ ಸರಿಪಡಿಸಲು ಹೋದರೆ ಅವರ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಆ ಲ್ಯಾಬಿನವರು ಹುಡುಕುತ್ತಿದ್ದದ್ದು ಕಾಂಡಕೋಶವನ್ನು. ಇನ್ನೂ ಏನೂ ಆಗದೆ ಉಳಿದಿರುವ, ಬೇಕಾದಾಗ ಒಡೆದು ಹೊಸ ಜೀವಕೋಶ ಕೊಡಬಲ್ಲ ಕೋಶ ಅದು. ಚರ್ಮದಲ್ಲಿ ಇದೆ, ಅದಕ್ಕೇ ಗಾಯ ಮಾಯುತ್ತದೆ. ಬೆಳೆದ ಮನುಷ್ಯನ ಹೃದಯದಲ್ಲಿ ಇದೆಯೇ? ಇಲ್ಲ ಎಂದು ತಲೆಯಾಡಿಸುವವರೇ ಹೆಚ್ಚು.

ಅಕ್ಕನಿಗೆ ಇದು ಬರೀ ಸಂಬಳದ ಕೆಲಸವಾಗಿತ್ತು, ಎಂಟು ತಿಂಗಳ ಹಿಂದೆ ತಮ್ಮನಿಗೆ ಹಾರ್ಟ್ ಅಟ್ಯಾಕ್ ಆಗುವ ತನಕ. ತಮ್ಮ ಬಸ್ ಡ್ರೈವರ್, ಐವತ್ತೆರಡರ ಗಟ್ಟಿ ಆಳು. ಲ್ಯಾಬಿರುವ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು, ಬದುಕಿಕೊಂಡ. "ಹೃದಯದ ಒಂದು ಭಾಗ ಸತ್ತಿದೆ, ಅದು ಮತ್ತೆ ಬೆಳೆಯಲ್ಲ. ಆದರೆ ಉಳಿದದ್ದು ಚೆನ್ನಾಗಿದೆ, ದಿನಾ ನಡೀರಿ, ಮೆಟ್ಟಿಲು ಹತ್ತಿ" ಎಂದರು ಡಾಕ್ಟರು. ತಮ್ಮ ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡ. ಅಂದು ಕುರ್ಚಿ ಹಿಡಿದವನು ಜಪ್ಪಯ್ಯ ಅಂದರೂ ಏಳಲಿಲ್ಲ. ಬಾಗಿಲ ತನಕ ಹೋಗಲು ಹೆಂಡತಿಯ ಹೆಗಲು ಬೇಕು. "ಒಳಗೆ ಹೆಣ ಇಟ್ಕೊಂಡು ಓಡಾಡೋದು ಹೇಗಕ್ಕಾ?" ಎನ್ನುತ್ತಿದ್ದ. ಅಕ್ಕ ಬೈದಳು, ಗೋಗರೆದಳು, ಒಂದೆರಡು ಸಲ ಅತ್ತೂ ಬಿಟ್ಟಳು. ಏನೂ ಉಪಯೋಗವಾಗಲಿಲ್ಲ.

ಆವತ್ತು ಬೆಳಿಗ್ಗೆ ಹತ್ತೂವರೆಗೆ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಯಿಂದ ಕಿರುಚಾಟ ಕೇಳಿಸಿತು. ಕಿರುಚಿದವಳು ನಾಲ್ಕು ತಿಂಗಳ ಹಿಂದೆ ಸೇರಿದ ಸಂಶೋಧಕಿ, ನಿಂತಲ್ಲಿ ನಿಲ್ಲದವಳು, ಅಕ್ಕನ ಬಾಯಲ್ಲಿ ಅವಳ ಹೆಸರೇ ಚಿನಕುರುಳಿ.

"ಅಕ್ಕಾ! ಹಸಿರು! ಹನ್ನೆರಡಿವೆ ಅಕ್ಕಾ, ಹನ್ನೆರಡು!"

ಪ್ರೊಫೆಸರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದರು. ಇಣುಕಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಕಾಂಡಕೋಶವನ್ನು ಹಿಡಿದುಕೊಂಡು ಹಸಿರಾಗಿ ಹೊಳೆಯುವ ಬಣ್ಣವನ್ನು ಹಿಂದಿನ ದಿನವಷ್ಟೇ ಹಾಕಿದ್ದರು. ಐವತ್ತೆರಡು ವರ್ಷದ ಗಂಡಸೊಬ್ಬನ ಹೃದಯದ ಚೂರಿನಲ್ಲಿ ಹನ್ನೆರಡು ಹಸಿರು ಚುಕ್ಕೆಗಳು ಮಿಣಮಿಣ ಎನ್ನುತ್ತಿದ್ದವು.

ಅಕ್ಕನಿಗೆ ತಡೆಯಲಾಗಲಿಲ್ಲ. ಕಾರಿಡಾರಿಗೆ ಓಡಿ ತಮ್ಮನಿಗೆ ಫೋನ್ ಮಾಡಿದಳು.

"ಸಿಕ್ತು ಕಣೋ! ಹೃದಯದಲ್ಲೂ ಇದೆ! ನಿನ್ನ ವಯಸ್ಸಿನವನದ್ದು, ಹನ್ನೆರಡು!"

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ನಾನು ನೋಡ್ಬೇಕು. ಬರ್ತಿದ್ದೀನಿ ಇರು" ಎಂದವನೇ ಫೋನ್ ಇಟ್ಟುಬಿಟ್ಟ. ಎಂಟು ತಿಂಗಳಿಂದ ಹೊಸ್ತಿಲು ದಾಟದವನು ಬರುತ್ತೇನೆ ಎಂದನಲ್ಲ! ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಕುಣಿಯುತ್ತಲೇ ಒಳಗೆ ಬಂದವಳ ಕಣ್ಣು ಟ್ರೇ ಮೇಲೆ ಬಿತ್ತು. ಎಡಗಡೆಯ ಗಾಜು ಅಲ್ಲೇ ಕೂತಿತ್ತು. ಕುಣಿತ ಅಲ್ಲಿಗೇ ನಿಂತಿತು.

ಪ್ರತಿ ಚೂರಿನಿಂದ ಅಕ್ಕ ಎರಡು ಹೋಳು ತೆಗೆಯುತ್ತಾಳೆ. ಒಂದಕ್ಕೆ ಬಣ್ಣ, ಇನ್ನೊಂದಕ್ಕೆ ಏನೂ ಇಲ್ಲ, ಹೋಲಿಸಿ ನೋಡಲು. ಬಣ್ಣ ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ ಎರಡೂ ಗಾಜು ಒಂದೇ ಥರ. ಅದಕ್ಕೇ ಅವಳು ಮುಚ್ಚುಗಾಜಿನ ಅಂಚಿಗೆ ನೇಲ್ ಪಾಲಿಶ್ ಬಳಿಯುವಾಗ ಬಣ್ಣ ಹಾಕಿದ್ದಕ್ಕೆ ಕೆಂಪು, ಹಾಕದ್ದಕ್ಕೆ ಬಿಳೀದು ಬಳಿಯುತ್ತಿದ್ದಳು. ನಿನ್ನೆ ಕೆಂಪು ಬಾಟಲಿ ಒಣಗಿ ಕಲ್ಲಾಗಿತ್ತು. ಎರಡಕ್ಕೂ ಬಿಳೀದನ್ನೇ ಬಳಿದು, ಬಣ್ಣದ ಗಾಜನ್ನು ಎಡಕ್ಕಿಟ್ಟಿದ್ದಳು. ಅವಳಿಗೆ ಮುಖ್ಯವಾದದ್ದೆಲ್ಲ ಎಡಕ್ಕೇ. ಚಿನಕುರುಳಿಗೆ ಹೇಳಬೇಕೆಂದುಕೊಂಡಿದ್ದಳು, ಮರೆತಳು.

"ಯಾವ ಗಾಜು ನೋಡಿದ್ದು?"

"ಬಲಗಡೇದು. ಯಾಕಕ್ಕಾ?"

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಬಂದು, ನೋಡಿ, ನಕ್ಕು ಹೋಗುತ್ತಿದ್ದ. ಅವನು ಆಗಲೇ ಮನೆಯಿಂದ ಹೊರಟಿರಬೇಕು.

"ಅದಕ್ಕೆ ಬಣ್ಣಾನೇ ಹಾಕಿಲ್ಲ. ತಪ್ಪು ನಂದು" ಎಂದಳು.

ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. "ಹಾಗಾದ್ರೆ ಅದು ಜಂಗು, ತುಕ್ಕಿನ ಥರ. ವಯಸ್ಸಾದ ಹೃದಯದಲ್ಲಿ ಕಶ್ಮಲ ಕೂತಿರುತ್ತೆ, ಬೆಳಕು ಬಿಟ್ರೆ ತಾನಾಗೇ ಹೊಳೆಯುತ್ತೆ. ಛೇ, ಇನ್ನೊಂದು ಗಾಜು ನೋಡ್ದೆ ನಾನೂ ಕುಣಿದುಬಿಟ್ಟೆ."

ಚಿನಕುರುಳಿ ನೆಲದ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡಳು.

ತಮ್ಮನಿಗೆ ಏನೆಂದು ಹೇಳುವುದು? ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎಡಗಡೆಯ ಗಾಜನ್ನು ತೆಗೆದು ಮೈಕ್ರೋಸ್ಕೋಪಿಗೆ ಸಿಕ್ಕಿಸಿದಳು. "ಏಳೇ, ಅಳೋದು ಆಮೇಲೆ. ಇದನ್ನ ಯಾರು ನೋಡ್ತಾರೆ, ನಿಮ್ಮಜ್ಜಿನಾ?"

ಹುಡುಗಿ ಮೂಗೊರೆಸಿಕೊಂಡು ನೋಡಿದಳು. ಹದಿನಾಲ್ಕು ಹಸಿರು ಚುಕ್ಕೆಗಳಿದ್ದವು. "ಇದೂ ಜಂಗೇ" ಎಂದು ಗೊಣಗಿದಳು.

"ಕೆಂಪು ಬೆಳಕಿಗೆ ಹಾಕು" ಎಂದರು ಪ್ರೊಫೆಸರು. "ಜಂಗಾದ್ರೆ ಅದರಲ್ಲೂ ಹೊಳೆಯುತ್ತೆ. ನಮ್ಮ ಬಣ್ಣಕ್ಕೆ ಹಸಿರು ಬಿಟ್ಟು ಬೇರೆ ಗೊತ್ತಿಲ್ಲ."

ಗುಂಡಿ ಒತ್ತಿದಳು. ಚುಕ್ಕೆಗಳು ಒಂದೊಂದಾಗಿ ಕೆಂಪಗೆ ಎದ್ದವು. ಹುಡುಗಿ ಎಣಿಸಿದಳು, ಅಕ್ಕನೂ ಪಕ್ಕದ ಕಂಪ್ಯೂಟರ್ ತೆರೆಯ ಮೇಲೆ ಬೆರಳಿಟ್ಟು ಎಣಿಸಿದಳು. ಹತ್ತು, ಹನ್ನೊಂದು, ಹನ್ನೆರಡು. ಮುಂದಿನದು ಬರಲೇ ಇಲ್ಲ. ಎರಡು ಜಾಗ ಕಪ್ಪಾಗೇ ಉಳಿದವು. ಹಸಿರಿಗೆ ಹಾಕಿದರೆ ಆ ಎರಡೂ ಪಳಕ್ಕನೆ ಹೊಳೆದವು, ಕೆಂಪಿಗೆ ಹಾಕಿದರೆ ಮಾಯ. ಐದು ಸಲ ಹಾಗೆ ಮಾಡಿ ನೋಡಿದರು.

"ಎರಡು" ಎಂದಳು ಹುಡುಗಿ. ಈ ಸಲ ಕಿರುಚಲಿಲ್ಲ.

"ಅಲರ್ಜಿ ತರಿಸೋ ಕೋಶಾನೂ ಈ ಬಣ್ಣ ಹಿಡ್ಕೊಳ್ಳುತ್ತೆ" ಎಂದರು ಪ್ರೊಫೆಸರು ಗಂಭೀರವಾಗಿ. "ನಾಳೆ ಅದನ್ನ ಪರೀಕ್ಷೆ ಮಾಡೋ ತನಕ ಯಾರೂ ಬಾಯಿ ಬಿಡೋ ಹಾಗಿಲ್ಲ." ಇಷ್ಟು ಹೇಳಿ ಕೂರಲು ಹೋದವರು ಕುರ್ಚಿ ತಪ್ಪಿ ನೆಲದ ಮೇಲೆ ಕೂತರು. ಕೂತಲ್ಲೇ ನಗತೊಡಗಿದರು. ಅಕ್ಕ ಹುಡುಗಿಯನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿದಳು.

ಆಗ ಬಾಗಿಲು ತೆರೆಯಿತು. ತಮ್ಮ ನಿಂತಿದ್ದ. ಮೈಯೆಲ್ಲ ಬೆವರು, ಏದುಸಿರು.

"ಅಯ್ಯೋ, ಲಿಫ್ಟ್ ಕೆಟ್ಟಿದೆಯೇನೋ?"

"ಇಲ್ಲ, ಕ್ಯೂ ಇತ್ತು. ಅಷ್ಟು ಹೊತ್ತು ಯಾರು ಕಾಯ್ತಾರೆ? ಎಲ್ಲಿ, ತೋರ್ಸು."

ಕೆಂಪು ಬಾಟಲಿ ಒಣಗಿದ್ದರಿಂದ ಹಿಡಿದು ಅಕ್ಕ ಒಂದನ್ನೂ ಮುಚ್ಚಿಡಲಿಲ್ಲ. ಹನ್ನೆರಡು ಸುಳ್ಳು, ಎರಡು ಉಳಿದಿವೆ, ಅವೂ ನಾಳೆ ಸುಳ್ಳಾಗಬಹುದು, ನಿಜವಾದರೂ ಅದರಿಂದ ಔಷಧಿ ಆಗುವಷ್ಟರಲ್ಲಿ ನಾವಿಬ್ಬರೂ ಮುದುಕರಾಗಿರುತ್ತೇವೆ ಎಂದಳು. ತಮ್ಮ ಹೂಂಗುಟ್ಟುತ್ತ ಇಣುಕಿ ನೋಡಿದ. ತುಂಬ ಹೊತ್ತು ಹಾಗೇ ಬಗ್ಗಿ ನಿಂತಿದ್ದ.

"ಇದು ನಂದೇ" ಎಂದ.

"ಹೆಸರಿಲ್ಲ ಕಣೋ, ನಂಬರಷ್ಟೇ. ಆ ವಯಸ್ಸಿನವರು ಎಷ್ಟು ಜನ ಇಲ್ಲ."

"ನಾನೂ ಸಹಿ ಹಾಕಿದ್ದೆ. ನಂದಲ್ಲ ಅಂತ ನೀನು ಎದೆ ಮುಟ್ಕೊಂಡು ಹೇಳು ನೋಡೋಣ."

ಅಕ್ಕ ಅವನ ಬೆವರಿದ ಮುಖವನ್ನೇ ನೋಡಿದಳು. "ಮೂರು ಮಹಡಿ ಹತ್ತಿಬಂದ್ಯಲ್ಲೋ" ಎಂದಳು, ಕಣ್ಣು ತುಂಬಿಕೊಂಡು.

ಅವನು ತನ್ನ ಕಾಲುಗಳನ್ನೇ ನೋಡಿಕೊಂಡ. "ಹೌದಲ್ಲ" ಎಂದ. ಆಮೇಲೆ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡು, "ನಾಳೆ ಪರೀಕ್ಷೆ ಎಷ್ಟು ಗಂಟೆಗೆ?" ಎಂದು ಕೇಳಿದ.

"ಹತ್ತಕ್ಕೆ."

"ಒಂಬತ್ತೂವರೆಗೆ ಬಂದಿರ್ತೀನಿ. ಇವತ್ತೇ ಕೆಂಪು ಬಾಟ್ಲಿ ತಗೊಂಡ್ಬಿಡು."

ಅಕ್ಕ ಬಾಗಿಲಿಗೆ ಬಂದು ನೋಡುತ್ತ ನಿಂತಳು. ಕಾರಿಡಾರಿನ ಕೊನೆಯಲ್ಲಿ ಲಿಫ್ಟ್ ಖಾಲಿಯಾಗಿ ಬಾಗಿಲು ತೆರೆದುಕೊಂಡಿತ್ತು. ಅವನು ಅತ್ತ ತಿರುಗಿಯೂ ನೋಡದೆ ಮೆಟ್ಟಿಲಿನ ಕಡೆ ಹೋದ.