ಬೇರೆ ಯಾರದೋ ರಿಪೋರ್ಟು

ಬೆಳಿಗ್ಗೆ ಹನ್ನೊಂದಕ್ಕೆ ಅತ್ತಿಗೆ ಶ್ರೀವಿದ್ಯಾಳ ಫೋನ್ ಬಂದಾಗ ವೃಂದಾ ಪೆರುಂಗುಡಿಯ ಆಫೀಸಿನಲ್ಲಿದ್ದಳು.

"ಪಾಸಿಟಿವ್ ಕಣೇ ವೃಂದಾ! ನಿಮ್ಮ ಆಪ್‌ನಲ್ಲೇ ನೋಡಿದೆ. ಅಯ್ಯೋ ಕಡವುಳೇ, ದೇವರು ಕೊನೆಗೂ ಕಣ್ಣು ಬಿಟ್ಟ. ನಿಮ್ಮಣ್ಣಂಗೂ ಇನ್ನೂ ಹೇಳಿಲ್ಲ."

ಅತ್ತಿಗೆಗೆ ಮದುವೆಯಾಗಿ ಒಂಬತ್ತು ವರ್ಷ, ಇದು ಮೂರನೆಯ ಐವಿಎಫ್. ವೃಂದಾ ಕಿಟಕಿಯ ಬಳಿ ಹೋಗಿ ನಿಂತು ಅತ್ತುಬಿಟ್ಟಳು.

ಮರಳಿ ಬಂದು ಕೂರುವಷ್ಟರಲ್ಲಿ ಪಕ್ಕದ ಸೀಟಿನ ಅನಿಲ್ ಹೇಳಿದ, "ಲ್ಯಾಬ್‌ನಿಂದ ಕಂಪ್ಲೇಂಟ್ ಮೇಲೆ ಕಂಪ್ಲೇಂಟ್. ಅರವತ್ತು ವರ್ಷದ ಗಂಡಸಿಗೆ ಯಾರದೋ ಬಸಿರಿನ ರಿಪೋರ್ಟ್ ತೋರಿಸ್ತಿದೆಯಂತೆ."

ಲ್ಯಾಬಿನ ಆ ಆಪ್ ಬರೆದವರು ಇವರಿಬ್ಬರೇ. ಅದರೊಳಗೆ ಬೇಕಾದ ಆಬ್ಜೆಕ್ಟ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಪುಟ್ಟ ಕೋಡ್ ತುಣುಕುಗಳನ್ನು, ಹುಟ್ಟಿಸಿ ಕೊಡುವುದಕ್ಕೆ ಒಂದು ಕಂಟೇನರ್ ಇದೆ. ಯಾವುದು ಎಷ್ಟು ಹೊತ್ತು ಬದುಕಬೇಕು ಎಂಬುದನ್ನು ಅದಕ್ಕೆ ಮೊದಲೇ ಬರೆದಿಡಬೇಕು. ರಿಪೋರ್ಟ್ ಕೇಳಿದ್ದು ಯಾರೆಂದು ನೆನಪಿಡುವ ಆಬ್ಜೆಕ್ಟ್, ಪ್ರತಿಯೊಬ್ಬರು ಕೇಳಿದಾಗಲೂ ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟೊಡನೆ ಸಾಯಬೇಕು. ಶುಕ್ರವಾರ ವೃಂದಾ ಅದನ್ನು ಸಿಂಗಲ್‌ಟನ್ ಎಂದು ಬರೆದಿದ್ದಳು. ಅಂದರೆ ಸರ್ವರ್ ನಿಲ್ಲುವವರೆಗೂ ಎಲ್ಲರಿಗೂ ಅದೊಂದೇ. ಒಬ್ಬಳೇ ಕೂತು ಪರೀಕ್ಷಿಸಿದಾಗ ಸರಿಯಾಗಿಯೇ ಇತ್ತು. ಇವತ್ತು ಸೋಮವಾರ, ನೂರಾರು ಜನ ಒಟ್ಟಿಗೆ ಬಂದಾಗ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬಂದು ಕೂತರು.

ಅವಳು ಆ ಒಂದು ಪದ ಬದಲಾಯಿಸಿದಳು. ಅನಿಲ್ ಸರ್ವರ್ ಮತ್ತೆ ಶುರು ಮಾಡಿದ. ಆಟೋದಲ್ಲಿ ಅಣ್ಣಾ ನಗರದ ಅಣ್ಣನ ಮನೆಯವರೆಗೂ ವೃಂದಾ ಬೇಡಿಕೊಂಡದ್ದು ಒಂದೇ: ಅತ್ತಿಗೆಗೆ ಕಂಡದ್ದು ಅತ್ತಿಗೆಯದೇ ಆಗಿರಲಿ.

ಶ್ರೀವಿದ್ಯಾ ಅಡುಗೆಮನೆಯಲ್ಲಿ ಶಾವಿಗೆ ಹುರಿಯುತ್ತಿದ್ದಳು. "ಬಾ ಬಾ, ಪಾಯಸ ಮಾಡ್ತಿದೀನಿ."

"ಅತ್ತಿಗೆ, ಆಪ್ ಇನ್ನೊಂದ್ಸಲ ತೆಗೀರಿ. ಬೆಳಿಗ್ಗೆ ನನ್ನಿಂದ ಒಂದು ತಪ್ಪಾಗಿತ್ತು. ಬೇರೆಯವರ ರಿಪೋರ್ಟ್ ಕಾಣಿಸ್ತಿತ್ತು."

ಶ್ರೀವಿದ್ಯಾ ತೆರೆದಳು. ನೆಗೆಟಿವ್. ಹೆಸರು, ವಯಸ್ಸು, ತಾರೀಖು, ಎಲ್ಲವನ್ನೂ ಬೆರಳಿಟ್ಟು ಓದಿದಳು.

"ಹಾಗಾದ್ರೆ ಅದು ಯಾರದು?"

"ಗೊತ್ತಿಲ್ಲ ಅತ್ತಿಗೆ."

"ಪಾವಂ, ಅವಳಿಗಾದ್ರೂ ಈಗ ಸರಿಯಾಗಿ ಕಾಣ್ಸತ್ತಾ?"

"ಕಾಣ್ಸತ್ತೆ."

ಶ್ರೀವಿದ್ಯಾ ಒಲೆ ಆರಿಸಿದಳು. "ನೀನು ಹೋಗು ವೃಂದಾ. ನಿಮ್ಮಣ್ಣ ಬರೋಷ್ಟರಲ್ಲಿ ನಾನು ಅಳೋದು ಮುಗಿಸ್ಬೇಕು."

ಆಮೇಲೂ ಅವಳು ವೃಂದಾಳನ್ನು ಬೈಯಲಿಲ್ಲ. ದೀಪಾವಳಿಗೆ ವೃಂದಾ ಹೋದಾಗ ಎಲ್ಲರಿಗಿಂತ ಮೊದಲು ಅವಳ ಎಲೆಗೇ ಬಡಿಸಿದಳು, ಮುಖ ಮಾತ್ರ ನೋಡಲಿಲ್ಲ.